ಹಸಿರು ಗುರುತು ಬಂದ ಕಣ್ಣು

ಹೊಸ ಅಗ್ರಹಾರದ ಶಾಲೆಯಲ್ಲಿ ಮೊದಲ ದಿನ ಮಕ್ಕಳ ಗದ್ದ ಯಂತ್ರಕ್ಕೆ ಎಟುಕಲಿಲ್ಲ. ಎರಡನೇ ತರಗತಿಯವರನ್ನು ಸ್ಟೂಲಿನ ಮೇಲೆ ಕೂರಿಸಿದರೆ, ಗದ್ದ ಊರಬೇಕಾದ ಪಟ್ಟಿಗೆ ಅವರ ಹಣೆ ತಾಗುತ್ತಿತ್ತು. ಬಿಸಿಯೂಟದ ಅಕ್ಕಿಯ ಖಾಲಿ ಗೋಣಿಚೀಲಗಳನ್ನು ಮಡಿಸಿ ಸ್ಟೂಲಿನ ಮೇಲೆ ಹಾಕಿದೆವು. ಎತ್ತರವೇನೋ ಸರಿಹೋಯಿತು; ಗೋಣಿ ಚುಚ್ಚುತ್ತದೆಂದು ಮಕ್ಕಳು ಕೂತಲ್ಲಿ ಕೂರಲಿಲ್ಲ. ಆ ಯಂತ್ರ ಕೇಳುತ್ತಿದ್ದದ್ದು ಒಂದೆರಡು ಕ್ಷಣ ಅಲ್ಲಾಡದೆ ನಿಲ್ಲುವ ಕಣ್ಣು ಮಾತ್ರ. ಅಷ್ಟನ್ನು ಕೊಡಿಸಲು ನನ್ನಿಂದ ಆಗುತ್ತಿರಲಿಲ್ಲ.

ಎರಡು ಸಾವಿರದ ದಶಕದ ನಡುವಿನ ವರ್ಷಗಳು. ನಾನು ಆಗ ಮೈಸೂರಿನ ಒಂದು ಧರ್ಮಾರ್ಥ ಕಣ್ಣಾಸ್ಪತ್ರೆಯಲ್ಲಿ ಕಿರಿಯ ವೈದ್ಯೆ. ದಾನಿಗಳು ಆಸ್ಪತ್ರೆಗೆ ಒಂದು ಲೇಸರ್ ಸ್ಕ್ಯಾನಿಂಗ್ ಯಂತ್ರ ಕೊಟ್ಟಿದ್ದರು. ಲೇಸರ್ ಎಂದರೂ ಅದು ಸುಡುವ, ಕೊಯ್ಯುವ ಬೆಳಕಲ್ಲ. ತೀರ ಮಂದವಾದ ಕೆಂಪು ಬೆಳಕು. ಕಣ್ಣಿನ ಹಿಂಭಾಗದಲ್ಲಿ ದೃಷ್ಟಿಯ ನರ ಹೊರಡುವ ಜಾಗವನ್ನು ಅದು ಪದರ ಪದರವಾಗಿ ಓದಿ, ಗುಡ್ಡ ಹಳ್ಳಗಳ ನಕ್ಷೆಯಂತೆ ಕಂಪ್ಯೂಟರಿನಲ್ಲಿ ಮೂಡಿಸುತ್ತಿತ್ತು. ಆ ಜಾಗ ನಡುವೆ ಗುಳಿಯಿರುವ ಒಂದು ಪುಟ್ಟ ತಟ್ಟೆಯ ಹಾಗಿರುತ್ತದೆ. ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ ನರ ಸಾಯತೊಡಗಿದರೆ ಗುಳಿ ಹಿಗ್ಗುತ್ತದೆ, ಸುತ್ತಲಿನ ಅಂಚು ತೆಳುವಾಗುತ್ತದೆ. ಇದೇ ಗ್ಲಾಕೋಮಾ. ಬಹಳ ಸಲ ನೋವೇ ಇರುವುದಿಲ್ಲ. ಎದುರಿಗಿರುವ ಅಕ್ಷರ ಬಹಳ ಕಾಲ ಚೆನ್ನಾಗಿಯೇ ಕಾಣುತ್ತಿರುತ್ತದೆ. ಹೋದ ನರ ತಿರುಗಿ ಬರುವುದಿಲ್ಲ.

ಮಕ್ಕಳಲ್ಲಿ ಇದು ಅಪರೂಪ. ಆದರೆ ಬಂದ ಮಕ್ಕಳು ತೀರ ತಡವಾಗಿ ಬರುತ್ತಿದ್ದರು. ಆಟವಾಡುವಾಗ ಯಾರೋ ಒಂದು ಕಣ್ಣು ಮುಚ್ಚಿದಾಗ ಇನ್ನೊಂದು ಕಾಣುತ್ತಿಲ್ಲವೆಂದು ಗೊತ್ತಾಗಿ ಬಂದವರೇ ಹೆಚ್ಚು. ಅಂಥವರನ್ನು ನೋಡಿ ನೋಡಿ ಬೇಸತ್ತಿದ್ದ ನಮ್ಮ ವಿಭಾಗದ ಹಿರಿಯ ವೈದ್ಯರು ಒಂದು ಯೋಜನೆ ಮಾಡಿದರು. ಯಂತ್ರವನ್ನು ವ್ಯಾನಿನಲ್ಲಿಟ್ಟುಕೊಂಡು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಶಾಲೆಗಳಿಗೆ ಹೋಗುವುದು. ಪ್ರತಿ ಮಗುವಿನ ನರದ ಚಿತ್ರ ತೆಗೆಯುವುದು. ಚಿತ್ರದಲ್ಲಿ ನರದ ಅಂಚನ್ನು ನಾನು ಮೌಸಿನಿಂದ ಗೆರೆ ಎಳೆದು ಗುರುತಿಸಿದರೆ, ಕಂಪ್ಯೂಟರು ಅದನ್ನು ತನ್ನಲ್ಲಿರುವ ಆರೋಗ್ಯವಂತರ ಅಳತೆಗಳೊಂದಿಗೆ ಹೋಲಿಸಿ ಗುರುತು ಹಾಕುತ್ತದೆ. ಹಸಿರು ಬಂದರೆ ಮಗು ಮನೆಗೆ. ಹಳದಿ, ಕೆಂಪು ಬಂದರೆ ಮೈಸೂರಿಗೆ. ಇಷ್ಟು ಸರಳ. ಮೊದಲು ಕೇಳಿದಾಗ ನನಗೂ ಬಹಳ ಹುರುಪು ಬಂದಿತ್ತು.

ಆ ಹುರುಪು ಹೊಸ ಅಗ್ರಹಾರದಲ್ಲೇ ಅರ್ಧ ಇಳಿಯಿತು. ಕೋಣೆ ಕತ್ತಲಿರಬೇಕು, ಕಿಟಕಿಗಳಿಗೆ ಬಾಗಿಲಿಲ್ಲ. ಜಮಖಾನ ಕಟ್ಟಿದರೆ ಗಾಳಿಗೆ ಹಾರುತ್ತಿತ್ತು. ಕರೆಂಟು ಇದ್ದರೆ ವೋಲ್ಟೇಜ್ ಇಲ್ಲ. ಯುಪಿಎಸ್ ಕೂಗಲು ಶುರುಮಾಡಿದರೆ ಮಕ್ಕಳೆಲ್ಲ ಅದರ ಕಡೆ ತಿರುಗುತ್ತಿದ್ದರು. ಕಲ್ಲುಚಪ್ಪಡಿಯ ನೆಲ ಸಮವಿರಲಿಲ್ಲವಾಗಿ ಮೇಜಿನ ಕಾಲಿಗೆ ರಟ್ಟು ಕೊಡಬೇಕಾಗಿತ್ತು. "ಒಳಗೆ ಹಸಿರು ಚುಕ್ಕಿ ಕಾಣುತ್ತಲ್ಲ, ಅದನ್ನೇ ನೋಡು" ಎಂದರೆ ಮಗು ಹಸಿರು ಚುಕ್ಕಿ ನೋಡಿ, ನನ್ನನ್ನು ನೋಡಿ, "ಕಾಣ್ತು ಮಿಸ್" ಎನ್ನುತ್ತಿತ್ತು. ಆಗ ಚಿತ್ರ ಕದಡಿಹೋಗುತ್ತಿತ್ತು. ಪ್ರತಿ ಚಿತ್ರಕ್ಕೂ ಯಂತ್ರವೇ ಒಂದು ಗುಣಮಟ್ಟದ ಅಂಕ ಕೊಡುತ್ತಿತ್ತು. ದಿನವಿಡೀ ದುಡಿದರೆ ಉಪಯೋಗಕ್ಕೆ ಬರುವ ಚಿತ್ರಗಳು ಬೆರಳೆಣಿಕೆಯಷ್ಟು.

ನಮ್ಮ ವ್ಯಾನಿನ ಚಾಲಕರು ನಂಜನಗೂಡಿನ ಕಡೆಯ ಹಿರಿಯರು. ಮಕ್ಕಳ ತಲೆ ಹಿಂದಿನಿಂದ ಹಿಡಿದುಕೊಳ್ಳುವ ಕೆಲಸ ಅವರಿಗೇ ಬಿತ್ತು. ಸಂಜೆ ಯಂತ್ರವನ್ನು ಹಾಸಿಗೆಯಲ್ಲಿ ಸುತ್ತಿ ವ್ಯಾನಿಗೆ ಏರಿಸುವಾಗ ಅವರು, "ಇದು ಕೂತ್ಕಡೆ ಕೂತ್ಕಂಡ್ ಕೆಲ್ಸ ಮಾಡೋ ಮಿಷನ್ನು ಕಣಿ ಮೇಡಮ್. ನಾವ್ ಇದ್ನ ಬಾಣಂತಿ ಕರ್ಕಂಡ್ ಓದಂಗೆ ಊರೂರಿಗೆ ವೊತ್ಕಂಡ್ ಓಯ್ತಾ ಇದೀವಿ" ಎಂದರು. ನಗು ಬರಲಿಲ್ಲ.

ಬಿಳಿಕೆರೆಯಲ್ಲಿ ಬೇರೆಯೇ ಕಥೆ. ನಾವು ಹೋಗುವಷ್ಟರಲ್ಲಿ ತರಗತಿಗಳು ಅರ್ಧ ಖಾಲಿ. ಮುಖ್ಯೋಪಾಧ್ಯಾಯರು ಸಂಕೋಚದಿಂದ ಕೈ ಹಿಸುಕಿಕೊಳ್ಳುತ್ತ ನಿಂತಿದ್ದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ವಿಷಯ ತಿಳಿಯಿತು. ನಾವು ಯಾರೆಂದು ಗೊತ್ತಿಲ್ಲದ ಒಬ್ಬಾಕೆ ಇನ್ನೊಬ್ಬಾಕೆಗೆ ಹೇಳುತ್ತಿದ್ದಳು: "ಇಸ್ಕೂಲ್ಗೆ ಕಳುಸ್ಬ್ಯಾಡ ಕಣಕ್ಕ ಇವತ್ತು. ಅದೇನೋ ಲೇಸರ್ರು ಬುಡ್ತಾರಂತೆ ಮಕ್ಳ ಕಣ್ಗೆ. ಸುಟ್ಟೋದ್ರೆ ಯಾರ್ನ ಕೇಳಾನ?" ಅಂದಿನಿಂದ ನಾವು ಲೇಸರ್ ಎಂಬ ಪದವನ್ನೇ ಬಿಟ್ಟು "ಕಣ್ಣಿನ ಫೋಟೋ" ಎನ್ನತೊಡಗಿದೆವು.

ಆಮೇಲೆ ಪಿರಿಯಾಪಟ್ಟಣ. ಅಲ್ಲಿ ಮಕ್ಕಳು ಚೆನ್ನಾಗಿ ಕೂತರು. ನಾವೂ ಪಳಗಿದ್ದೆವು: ತೊಟ್ಟು ನೀರಿನಂಥ ಹನಿ ಔಷಧಿ ಹಾಕಿ ಕಣ್ಣು ಒದ್ದೆ ಮಾಡಿಕೊಳ್ಳುವುದು, "ಒಂದ್ಸಲ ಜೋರಾಗಿ ಮಿಟುಕಿಸು, ಈಗ ತೆರೆ" ಎಂದು ಹೇಳಿ ಆ ಗಳಿಗೆಗೇ ಗುಂಡಿ ಒತ್ತುವುದು. ಚಿತ್ರಗಳು ಸ್ಪಷ್ಟವಾಗಿ ಬಂದವು. ಆದರೆ ಗುರುತುಗಳು! ಕೆಂಪು, ಕೆಂಪು, ಹಳದಿ, ಮತ್ತೆ ಕೆಂಪು. ಇಷ್ಟು ಮಕ್ಕಳಿಗೆ ಒಂದೇ ಊರಿನಲ್ಲಿ ಗ್ಲಾಕೋಮಾ ಇರಲು ಸಾಧ್ಯವೇ ಇಲ್ಲ ಎಂದು ನನ್ನ ಮನಸ್ಸು ಹೇಳುತ್ತಿತ್ತು. ಆದರೆ ನಿಯಮ ಸ್ಪಷ್ಟವಾಗಿತ್ತು. ಎಲ್ಲರನ್ನೂ ಮೈಸೂರಿಗೆ ಕರೆಸಿದೆವು.

ಹೊಗೆಸೊಪ್ಪು ಬೇಯಿಸುವ ಕಾಲ ಅದು. ಎಲೆ ಒಣಗಿಸುವ ಬ್ಯಾರನ್ನಿಗೆ ಬೆಂಕಿ ಹಾಕಿದರೆ ಒಬ್ಬರು ಪಕ್ಕದಲ್ಲಿರಲೇಬೇಕು. ಅಂಥ ಹೊತ್ತಿನಲ್ಲಿ ಅಪ್ಪಅಮ್ಮಂದಿರು ಮಕ್ಕಳ ಕೈಹಿಡಿದು ಬಸ್ಸು ಹತ್ತಿ ಬಂದರು. ಒತ್ತಡ ಅಳೆದೆವು, ಪಾಪೆ ಹಿಗ್ಗಿಸಿ ಲೆನ್ಸಿನಲ್ಲಿ ನರ ನೋಡಿದೆವು. ಒಂದು ಮಗುವಿಗೂ ಏನೂ ಇರಲಿಲ್ಲ. ಆ ಮಕ್ಕಳ ನರದ ತಟ್ಟೆಯೇ ಹುಟ್ಟಿನಿಂದ ಕೊಂಚ ದೊಡ್ಡದು. ತಟ್ಟೆ ದೊಡ್ಡದಾದರೆ ಗುಳಿಯೂ ದೊಡ್ಡದೇ. ಯಂತ್ರದೊಳಗಿನ ಹೋಲಿಕೆಯ ಅಳತೆಗಳು ಹೊರದೇಶದ, ವಯಸ್ಸಾದವರ ಕಣ್ಣಿನವು. ಪಿರಿಯಾಪಟ್ಟಣದ ಮಗುವಿನ ಕಣ್ಣು ಅದಕ್ಕೆ ಕಾಯಿಲೆಯಂತೆ ಕಂಡಿತ್ತು.

"ಏನೂ ಇಲ್ಲ, ಮಗು ಆರಾಮಾಗಿದೆ" ಎಂದು ನಾನು ಸಂತೋಷದಿಂದಲೇ ಹೇಳಿದೆ. ಒಬ್ಬ ತಂದೆ ಎದ್ದು ನಿಂತರು.

"ಬ್ಯಾರನ್ನಿಗೆ ಸೌದೆ ಆಕ್ಬುಟ್ಟು ಪಕ್ಕದ್ಮನೆಯೋರ್ಗೆ ಏಳ್ಬುಟ್ಟು ಬಂದಿವ್ನಿ ಮೇಡಮ್. ನಿಮ್ ಮಿಷನ್ನು ಮಗ ಕುಲ್ಡಾಯ್ತದೆ ಅಂತು. ನಮ್ಮನೆಯೋಳು ಅನ್ನ ಬುಟ್ಟು ಅಳ್ತಾ ಕೂತವ್ಳೆ. ಈಗ ನೀವು ಏನೂ ಇಲ್ಲ ಅಂತೀರಿ. ನಿಮ್ಮಿಬ್ರಲ್ಲಿ ಯಾರ್ ಮಾತ ನಂಬಾನ, ಅದ ಏಳಿ."

ಮುಂದಿನ ವಾರದಿಂದ ಆ ಭಾಗದಲ್ಲಿ ನಮ್ಮ ವ್ಯಾನು ಕಂಡರೆ ಜನ ಮುಖ ತಿರುಗಿಸುತ್ತಿದ್ದರು.

ನಾನು ಹಿರಿಯ ವೈದ್ಯರ ಬಳಿ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಒಳ್ಳೆಯವರು, ಆದರೆ ಯೋಜನೆ ಅವರ ಕನಸಿನ ಕೂಸು. "ಶುರುವಿನಲ್ಲಿ ಎಲ್ಲ ಹೀಗೇ ಇರುತ್ತೆ. ನಮ್ಮ ಮಕ್ಕಳದೇ ಅಳತೆ ಸಾಕಷ್ಟು ಸಂಗ್ರಹವಾಗಲಿ, ಆಗ ಹೋಲಿಕೆ ಸರಿಹೋಗುತ್ತೆ. ನೀವು ಚಿತ್ರ ತೆಗೀತಾ ಹೋಗಿ" ಎಂದರು. ಅವರ ಮಾತು ತಪ್ಪೇನಲ್ಲ. ಆದರೆ ಅಳತೆ ಸಂಗ್ರಹವಾಗುವವರೆಗೆ ಆ ತಂದೆಯಂಥವರಿಗೆ ಏನು ಉತ್ತರ ಕೊಡಬೇಕೆಂದು ಅವರೂ ಹೇಳಲಿಲ್ಲ.

ಎಚ್.ಡಿ. ಕೋಟೆಯ ರಸ್ತೆ ಉಳಿದದ್ದನ್ನು ಮುಗಿಸಿತು. ಮಳೆಗೆ ಕಿತ್ತುಹೋದ ದಾರಿಯಲ್ಲಿ ವ್ಯಾನು ಒಂದು ಗುಂಡಿಗೆ ಇಳಿದು ಎದ್ದಾಗ ಹಿಂದೆ ಯಂತ್ರದೊಳಗೆ ಏನೋ ಸಣ್ಣಗೆ ಕಳಚಿದ ಸದ್ದಾಯಿತು. ಶಾಲೆಗೆ ಹೋಗಿ ಜೋಡಿಸಿ ನೋಡಿದರೆ ಪರದೆಯ ಮೇಲೆ ಚಿತ್ರದ ಅರ್ಧ ಕಪ್ಪು. ಬೆಳಕಿನ ದಾರಿ ಒಂದು ಕೂದಲೆಳೆಯಷ್ಟು ಓರೆಯಾಗಿತ್ತು. ನನ್ನ ಕೈಯಲ್ಲಿ ಸರಿಮಾಡುವ ಕೆಲಸವಲ್ಲ. ಬೆಂಗಳೂರಿನಿಂದ ಎಂಜಿನಿಯರ್ ಬರಬೇಕು. ಸಾಲಾಗಿ ನಿಂತಿದ್ದ ಮಕ್ಕಳಿಗೆ ಅಕ್ಷರದ ಪಟ್ಟಿ ಓದಿಸಿ ವಾಪಸಾದೆವು. ಎಂಜಿನಿಯರ್ ಬರುವಷ್ಟರಲ್ಲಿ ದಸರೆ ಮುಗಿದಿತ್ತು.

ಗಾವಡಗೆರೆಗೆ ಹೋದದ್ದು ಅದಾದ ಮೇಲೆ. ಆ ಹೊತ್ತಿಗೆ ನಾನು ಕೆಲಸವನ್ನು ಯಂತ್ರದಂತೆಯೇ ಮಾಡುತ್ತಿದ್ದೆ. ಮಗು ಬರುತ್ತಿತ್ತು, ಗದ್ದ ಇಡುತ್ತಿತ್ತು, ಗುಂಡಿ ಒತ್ತುತ್ತಿದ್ದೆ. ಕತ್ತಲೆ ಕೋಣೆಯೊಳಗೆ ಕಾಲಿಡಲು ಎಲ್ಲ ಮಕ್ಕಳೂ ಹಿಂದೆಮುಂದೆ ನೋಡುತ್ತಿದ್ದರೆ, ಏಳನೇ ತರಗತಿಯ ಒಬ್ಬ ಹುಡುಗಿ ಮಾತ್ರ ಒಳಗೆ ಬಂದವಳೇ ಉಸಿರುಬಿಟ್ಟು, "ಇಲ್ಲೇ ಸಂದಾಕದೆ ಮಿಸ್" ಎಂದಳು.

"ಯಾಕೆ ಪುಟ್ಟಿ?"

"ಆಚ್ಗೆ ಬಿಸ್ಲು. ಕಣ್ ಬುಡಕ್ಕಾಗಲ್ಲ."

ಅವಳ ಚಿತ್ರ ತೆಗೆಯುವುದು ದೊಡ್ಡ ಪಾಡಾಯಿತು. ಕಣ್ಣು ಮಿಟುಕಿಸುತ್ತಲೇ ಇದ್ದಳು. ಮಿಟುಕಿಸಿದಾಗಲೆಲ್ಲ ಅಂಟಿನ ಎಳೆಯಂಥ ಪಿಸುರು ಪಾಪೆಯ ಮೇಲೆ ಹಾಯುತ್ತಿತ್ತು. ಬಹಳ ಸಲ ಪ್ರಯತ್ನಿಸಿದ ಮೇಲೆ ಎರಡೂ ಕಣ್ಣಿನ ಒಂದೊಂದು ಚಿತ್ರ, ಗುಣಮಟ್ಟದ ಗಡಿಯೊಳಗೆ ಹೇಗೋ ನುಸುಳಿದವು. ಅಂಚಿನ ಗೆರೆ ಎಳೆದೆ. ಎರಡೂ ಕಣ್ಣಿಗೆ ಹಸಿರು ಗುರುತು.

ನಿಯಮದ ಪ್ರಕಾರ ಅವಳು ಎದ್ದು ಹೋಗಬೇಕು. ಚಾಲಕರು ಮುಂದಿನ ಮಗುವನ್ನು ಕರೆದೂ ಆಗಿತ್ತು. ಆದರೆ ಆ ಪಿಸುರು ನನ್ನನ್ನು ಬಿಡಲಿಲ್ಲ. ಟಾರ್ಚು ಹಿಡಿದು ಅವಳ ಮೇಲಿನ ರೆಪ್ಪೆಯನ್ನು ಮಗುಚಿ ನೋಡಿದೆ. ಒಳಮೈ ತುಂಬ ಕಲ್ಲು ಹಾಸಿದಂತೆ ಚಪ್ಪಟೆ ಗಂಟುಗಳು. ವರ್ಷಗಟ್ಟಲೆ ನವೆ ಇರುವ ಮಕ್ಕಳ ರೆಪ್ಪೆ ಹೀಗಿರುತ್ತದೆ.

"ಕಣ್ಣು ಕಡಿತ ಬರುತ್ತಾ?"

"ಯಾವಾಗ್ಲೂ ಬತ್ತದೆ ಮಿಸ್. ಡ್ರಾಪ್ಸ್ ಆಕ್ಕಂಡ್ರೆ ವೊಂಟೋಯ್ತದೆ."

"ಯಾವ ಡ್ರಾಪ್ಸ್?"

ಬ್ಯಾಗಿನಿಂದ ಕರ್ಚೀಫು ಸುತ್ತಿದ ಪುಟ್ಟ ಬಾಟಲಿ ತೆಗೆದು ತೋರಿಸಿದಳು. "ಅಪ್ಪ ಹುಣ್ಸೂರಿಂದ ತಂದ್ಕೊಡ್ತದೆ. ನಾಕ್ನೇ ಕ್ಲಾಸಿಂದ ಆಕ್ಕತ್ತಿವ್ನಿ."

ಸ್ಟೀರಾಯ್ಡ್ ಹನಿ. ನವೆಗೆ ಅದರಷ್ಟು ಬೇಗ ಕೆಲಸ ಮಾಡುವ ಔಷಧಿ ಇನ್ನೊಂದಿಲ್ಲ. ವೈದ್ಯರ ಕಣ್ಗಾವಲಿನಲ್ಲಿ ಕೆಲವು ದಿನ ಹಾಕಿ ನಿಲ್ಲಿಸಬೇಕಾದದ್ದು ಅದು. ತಿಂಗಳುಗಟ್ಟಲೆ ಹಾಕಿದರೆ ಕೆಲವು ಮಕ್ಕಳಲ್ಲಿ ಕಣ್ಣಿನ ಒತ್ತಡ ಸದ್ದಿಲ್ಲದೆ ಏರುತ್ತದೆ. ಈಕೆ ಮೂರು ವರ್ಷದಿಂದ ಹಾಕುತ್ತಿದ್ದಳು.

ಒತ್ತಡ ಅಳೆಯುವ ಕೈ ಉಪಕರಣ ನನ್ನ ಚೀಲದಲ್ಲಿತ್ತು. ಶಾಲೆಗಳಲ್ಲಿ ಅದನ್ನು ತೆಗೆದದ್ದೇ ಇಲ್ಲ. ಮರಗಟ್ಟಿಸುವ ಹನಿ ಹಾಕಿ, ನೀಲಿ ಬೆಳಕು ಬಿಟ್ಟು, ಉಪಕರಣದ ತುದಿಯನ್ನು ಮೆಲ್ಲಗೆ ಕಣ್ಣಿಗೆ ತಾಗಿಸಿದೆ. ಒಳಗೆ ಎರಡು ಅರ್ಧವೃತ್ತ ಕಾಣುತ್ತವೆ. ಅವುಗಳ ಒಳ ಅಂಚುಗಳು ಒಂದನ್ನೊಂದು ಮುಟ್ಟುವವರೆಗೆ ಚಕ್ರ ತಿರುಗಿಸಬೇಕು. ಮುಟ್ಟಿದಾಗಿನ ಅಂಕಿಯೇ ಒತ್ತಡ. ಇಪ್ಪತ್ತರ ಆಸುಪಾಸಿನೊಳಗೆ ಮುಟ್ಟಬೇಕು. ಬಲಗಣ್ಣಿನಲ್ಲಿ ಇಪ್ಪತ್ತು ದಾಟಿ ಬಹಳ ಮುಂದೆ ಹೋದ ಮೇಲೆ ಮುಟ್ಟಿದವು. ಎಡಗಣ್ಣಿನಲ್ಲಿ ಮೂವತ್ತು ದಾಟಿದರೂ ಅವುಗಳ ನಡುವೆ ಸಂದು ಇತ್ತು. ಮತ್ತೆ ಅಳೆದೆ. ಅಷ್ಟೇ.

ಪರದೆಯ ಮೇಲೆ ಎರಡು ಹಸಿರು ಗುರುತುಗಳು ಇನ್ನೂ ಹೊಳೆಯುತ್ತಿದ್ದವು. ಏರಿದ ಒತ್ತಡ ಚಿತ್ರದಲ್ಲಿ ಕಾಣದು, ನನಗೆ ಗೊತ್ತಿದ್ದದ್ದೇ. ಆದರೂ ಎಷ್ಟು ಶಾಲೆಗಳಲ್ಲಿ ಎಷ್ಟು ಮಕ್ಕಳನ್ನು ಆ ಹಸಿರು ನೋಡಿ ಮನೆಗೆ ಕಳಿಸಿದ್ದೆವೋ ಎಂಬ ಯೋಚನೆ ಬಂತು.

ಹುಡುಗಿಯ ತಾಯಿಯನ್ನು ಹೊಲದಿಂದ ಕರೆಸಿದರು. ಸೊಪ್ಪಿನ ಜಿಗುಟು ಅಂಟಿದ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದರು. ವಿಷಯ ಹೇಳಿದೆ.

"ಇವ್ಳ್ ಕಣ್ಗೇನಾಗದೆ ಡಾಕ್ಟ್ರಮ್ಮ? ಸೂಜಿಗೆ ದಾರ ಪೋಣುಸ್ಕೊಡೋಳೇ ಇವ್ಳು ನಂಗೆ."

"ಈಗ ಕಾಣುತ್ತೆ ತಾಯಿ. ಈ ಡ್ರಾಪ್ಸ್ ಹೀಗೇ ಹಾಕಿದರೆ ಮುಂದೆ ಕಾಣಲ್ಲ. ಇವತ್ತೇ ನಿಲ್ಲಿಸಬೇಕು."

"ನಿಲ್ಸುದ್ರೆ ಕಣ್ ಕಿತ್ತಾಕ್ಕತ್ತಾಳೆ ಕಣ್ರವ್ವ! ನೀವ್ ಒಂದಿನ ನಮ್ಮನೇಲಿದ್ದು ನೋಡಿ. ರಾತ್ರೆಲ್ಲ ಉಜ್ತಾಳೆ."

ಬದಲಿಗೆ ಕೊಡುವ ಹನಿಗಳು ನಿಧಾನ. ಹಿಡಿತಕ್ಕೆ ಬರಲು ವಾರಗಳೇ ಬೇಕು. ತಣ್ಣೀರು ಬಟ್ಟೆ ಕಟ್ಟಿ, ಬಿಸಿಲಿಗೆ ಬಿಡಬೇಡಿ ಎಂದೆ. ಹೊಲದಲ್ಲಿ ದುಡಿಯುವ ಮನೆಯವರಿಗೆ ಬಿಸಿಲಿಗೆ ಬಿಡಬೇಡಿ ಎನ್ನುವಾಗ ನನಗೇ ಮುಜುಗರವಾಯಿತು. ಮರುದಿನವೇ ಮೈಸೂರಿಗೆ ಬರಲು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಯಿತು.

ಮೈಸೂರಿನಲ್ಲಿ ಹಿರಿಯ ವೈದ್ಯರು ಮೊದಲು ಕಂಪ್ಯೂಟರಿನ ಹಾಳೆ ನೋಡಿದರು. "ನರ ನಾರ್ಮಲ್ ಇದೆಯಲ್ಲ" ಎಂದರು. "ಒಮ್ಮೆ ನೀವೇ ನೋಡಿ ಸಾರ್" ಎಂದೆ. ಅವರು ಲೆನ್ಸು ಹಿಡಿದು ಎಡಗಣ್ಣನ್ನು ಬಹಳ ಹೊತ್ತು ನೋಡಿದರು. "ಕೆಳಗಡೆ ಅಂಚು ಕಚ್ಚಿದ ಹಾಗಿದೆ" ಎಂದು ಮೆಲ್ಲಗೆ ಹೇಳಿದರು. ಈ ಹುಡುಗಿಯ ನರದ ತಟ್ಟೆ ಹುಟ್ಟಿನಿಂದಲೇ ತೀರ ಚಿಕ್ಕದು. ಅದರಲ್ಲಿ ಗುಳಿ ಹಿಗ್ಗಿದರೂ ಹೊರದೇಶದ ದೊಡ್ಡವರ ಅಳತೆಯ ಮುಂದೆ ಆರೋಗ್ಯವಾಗಿಯೇ ಕಂಡಿತ್ತು. ಪಿರಿಯಾಪಟ್ಟಣದಲ್ಲಿ ಇಲ್ಲದ ಕಾಯಿಲೆ ಕಂಡ ಯಂತ್ರಕ್ಕೆ ಗಾವಡಗೆರೆಯಲ್ಲಿ ಇದ್ದ ಕಾಯಿಲೆ ಕಂಡಿರಲಿಲ್ಲ.

ಒತ್ತಡ ಇಳಿಸುವ ಹನಿ ಶುರುಮಾಡಿದೆವು. ತಾಯಿ ಮಗಳು ಹೊರಗೆ ಹೋದ ಮೇಲೆ ನಾನು ಕೂತಲ್ಲಿಂದ ಏಳಲಿಲ್ಲ.

"ಸಾರ್, ಇನ್ನು ಯಂತ್ರ ವ್ಯಾನು ಹತ್ತೋದು ಬೇಡ."

"ಅದೇನು ಮಾತು? ವರ್ಷದ ಕೊನೆಗೆ ದಾನಿಗಳಿಗೆ ಏನು ತೋರಿಸೋಣ?"

"ಅದು ಇಲ್ಲೇ ಇರಲಿ. ಅಲುಗಾಡದ ಮೇಜಿನ ಮೇಲೆ. ನಾನು ಟಾರ್ಚು, ಒತ್ತಡ ಅಳೆಯೋದು, ಲೆನ್ಸು ಮೂರೇ ತಗೊಂಡು ಹೋಗ್ತೀನಿ. ಕಣ್ಣು ಉಜ್ಜೋ ಮಕ್ಕಳು, ಡ್ರಾಪ್ಸ್ ಹಾಕೋ ಮಕ್ಕಳು, ಮನೇಲಿ ಯಾರಿಗಾದರೂ ಗ್ಲಾಕೋಮಾ ಇರೋ ಮಕ್ಕಳು, ಇಷ್ಟೇ ಜನರನ್ನ ಹುಡುಕ್ತೀನಿ. ಅವರನ್ನ ಮಾತ್ರ ಇಲ್ಲಿಗೆ ಕರೆಸಿ ಒಳ್ಳೆ ಚಿತ್ರ ತೆಗೆಯೋಣ. ಬೇರೆಯವರ ಅಳತೆ ಜೊತೆ ಹೋಲಿಸೋದು ಬಿಟ್ಟು, ಅದೇ ಮಗುವಿನ ಹಿಂದಿನ ಚಿತ್ರದ ಜೊತೆ ಹೋಲಿಸೋಣ. ಆಗ ಅದು ಸುಳ್ಳು ಹೇಳಲ್ಲ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೋಪ ಬಂದಿತ್ತು. "ಹಾಗಾದರೆ ಲೆಕ್ಕಕ್ಕೆ ಸಿಗೋ ಮಕ್ಕಳು ಎಷ್ಟು ಆಗ್ತಾರೆ?"

"ಕಮ್ಮಿ ಆಗ್ತಾರೆ ಸಾರ್. ಆದರೂ ಅದು ವ್ಯಾನು ಹತ್ತಿದರೆ ನಾನು ಹತ್ತಲ್ಲ."

ಹಾಗೆ ಮಾತಾಡುವವಳಲ್ಲ ನಾನು. ಅವರು ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಯಂತ್ರವನ್ನು ಮಹಡಿಯ ಕತ್ತಲೆ ಕೋಣೆಗೆ ಸಾಗಿಸಿ ಎಂದು ಹೇಳಿ ಕಳಿಸಿದರು.

ಸಂಕ್ರಾಂತಿಯ ಹೊತ್ತಿಗೆ ಹುಡುಗಿಯ ಒತ್ತಡ ಇಳಿಯಿತು. ನವೆಯೂ ಚಳಿಗಾಲಕ್ಕೆ ತಗ್ಗಿತ್ತು. ಕಣ್ಣು ತಿಳಿಯಾಗಿದ್ದ ಒಂದು ಬೆಳಿಗ್ಗೆ ಎರಡೂ ಕಣ್ಣಿನ ಚಿತ್ರಗಳನ್ನು ತೆಗೆದೆವು. ಅಷ್ಟು ಸ್ಪಷ್ಟವಾದ ಚಿತ್ರ ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಕಾಣುವ ಹರವು ಅಳೆಯುವ ಪರೀಕ್ಷೆಯನ್ನೂ ಮಾಡಿದೆ. ಎಡಗಣ್ಣಿಗೆ ಮೇಲ್ಭಾಗದಲ್ಲಿ ಒಂದು ಕಮಾನಿನಷ್ಟು ಜಾಗ ಕಾಣುತ್ತಿರಲಿಲ್ಲ. "ಬೋರ್ಡಿನ ಮಧ್ಯ ನೋಡಿದಾಗ ಮೇಲಿರೋದು ಕಾಣುತ್ತಾ?" ಎಂದು ಕೇಳಿದೆ. ಬಲಗಣ್ಣು ಮುಚ್ಚಿಕೊಂಡು ಯೋಚಿಸಿದಳು. "ಇಲ್ಲ ಮಿಸ್. ಆದ್ರೆ ಎಲ್ರಿಗೂ ಅಂಗೇ ಅಲ್ವಾ?"

ಮಾರ್ಚಿ ಬಂತು, ಬಿಸಿಲು ಏರಿತು. ತಾಯಿ ಮಗಳು ಬರಬೇಕಾದ ದಿನ ಬರಲಿಲ್ಲ. ಮುಂದಿನ ಸಲವೂ ಬರಲಿಲ್ಲ. ಹುಣಸೂರಿನ ಕಡೆ ಹೋದ ದಿನ ಚಾಲಕರಿಗೆ ಹೇಳಿ ವ್ಯಾನನ್ನು ಗಾವಡಗೆರೆಗೆ ತಿರುಗಿಸಿದೆ. ಹುಡುಗಿ ಜಗಲಿಯ ಮೇಲೆ ಕೂತು ಓದುತ್ತಿದ್ದಳು. ಕಣ್ಣು ಬೆಳ್ಳಗೆ, ಶಾಂತವಾಗಿದ್ದವು. ಬೇಸಿಗೆಯಲ್ಲಿ ಅಷ್ಟು ಶಾಂತವಾಗಿರುವ ಕಣ್ಣು ಕಂಡೇ ನನಗೆ ಅರ್ಥವಾಯಿತು.

ತಾಯಿ ಮುಚ್ಚಿಡಲಿಲ್ಲ. "ಪರೀಕ್ಸೆ ಇತ್ತಲ್ಲ ಮೇಡಮ್ಮೋರೆ. ಕಣ್ ಬುಡಕ್ಕಾಗ್ದೆ ಒಂದ್ ವಾರ ಇಸ್ಕೂಲ್ಗೆ ವೋಗ್ನಿಲ್ಲ. ನಿಮ್ ಡ್ರಾಪ್ಸ್ ಆಕುದ್ರೂ ಉಜ್ತಿದ್ಳು. ಏಳ್ನೇ ಕ್ಲಾಸು ಫೇಲಾದ್ರೆ ಇವ್ಳಪ್ಪ ಇಸ್ಕೂಲ್ ಬುಡುಸ್ಬುಡ್ತಾರೆ. ಆ ಹಳೇ ಡ್ರಾಪ್ಸ್ನ ನಾನೇ ತರುಸ್ದೆ."

ಸಿಟ್ಟು ಮಾಡಬೇಕೆಂದುಕೊಂಡೇ ಹೋಗಿದ್ದೆ. ಆಗಲಿಲ್ಲ. ಆ ಮನೆಯಲ್ಲಿ ಹೆಣ್ಣುಮಗುವಿನ ಓದು ಯಾವ ದಾರದ ಮೇಲೆ ನಿಂತಿತ್ತೆಂದು ನನಗೆ ಗೊತ್ತಿರಲಿಲ್ಲ, ಅವರಿಗೆ ಗೊತ್ತಿತ್ತು. ಆ ಸಿಟ್ಟನ್ನೆಲ್ಲ ಹೊತ್ತುಕೊಂಡು, ಅವರು ಹನಿ ತರಿಸುತ್ತಿದ್ದ ಹುಣಸೂರಿನ ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿಯವನು ಕುರ್ಚಿ ಕೊಟ್ಟು, ನೀರು ಕೊಟ್ಟು, ಮರ್ಯಾದೆಯಿಂದಲೇ ಮಾತಾಡಿದ.

"ಚೀಟಿ ಇಲ್ಲದೆ ಇದನ್ನ ಕೊಡಬಾರದು, ನಿಮಗೆ ಗೊತ್ತಿದೆ."

"ಗೊತ್ತು ಮೇಡಮ್. ನಾನು ಇಲ್ಲ ಅಂದ್ರೆ ಎದುರುಗಡೆ ಅಂಗ್ಡೀಲಿ ಕೊಡ್ತಾರೆ. ಅವರು ಇಲ್ಲ ಅಂದ್ರೆ ಬಸ್‌ಸ್ಟ್ಯಾಂಡ್ ಹತ್ರ ಕೊಡ್ತಾರೆ. ನೋವಲ್ಲಿ ಬಂದೋರ್ನ ಬರಿಗೈಲಿ ಎಂಗೆ ಕಳ್ಸೋದು, ನೀವೇ ಹೇಳಿ."

"ಆ ಮಗು ಕಣ್ಣು ಹೋಗ್ತಿದೆ."

ಅವನು, "ಆ ಮನೆಯೋರ್ಗೆ ಇನ್ಮೇಲೆ ಕೊಡಲ್ಲ ಬಿಡಿ" ಎಂದ. ಆ ಮನೆಯವರಿಗೆ ಮಾತ್ರ. ನಾನು ಎದ್ದು ಬಂದೆ.

ಮೇ ತಿಂಗಳಲ್ಲಿ ಮತ್ತೆ ಚಿತ್ರ ತೆಗೆದೆವು. ಕಂಪ್ಯೂಟರು ಹೊಸ ಚಿತ್ರವನ್ನು ಜನವರಿಯ ಚಿತ್ರದ ಮೇಲಿಟ್ಟು, ಕುಸಿದ ಜಾಗಕ್ಕೆ ಕೆಂಪು ಬಣ್ಣ ಹಾಕಿತು. ಎಡಗಣ್ಣಿನ ಕೆಳ ಅಂಚಿನಲ್ಲಿ ಕೆಂಪು ಚುಕ್ಕೆಗಳ ಒಂದು ಗುಂಪು. ಒಂದು ಸಲ ಕಂಡದ್ದನ್ನು ನಂಬಬಾರದು. ಕೆಲವು ದಿನ ಬಿಟ್ಟು ಮತ್ತೆ ತೆಗೆದೆವು. ಅದೇ ಜಾಗ, ಅದೇ ಕೆಂಪು. ಬಲಗಣ್ಣು ಮಾತ್ರ ಇದ್ದಂತೆಯೇ ಇತ್ತು. ಯಂತ್ರ ಕೊನೆಗೂ ನಿಜ ಹೇಳಿತ್ತು. ಆದರೆ ಯಾವ ನಿಜ ಕೇಳಬಾರದೆಂದು ಅಷ್ಟೆಲ್ಲ ಒದ್ದಾಡಿದ್ದೆನೋ ಅದನ್ನೇ ಹೇಳಿತ್ತು. ಹನಿಗಳಿಗೆ ಎಡಗಣ್ಣಿನ ಒತ್ತಡ ಈಗ ಬಗ್ಗುತ್ತಿರಲಿಲ್ಲ.

ಹಿರಿಯ ವೈದ್ಯರೇ ಎಡಗಣ್ಣಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಕಣ್ಣಿನೊಳಗಿನ ನೀರು ಹೊರಗೆ ಬಸಿದುಹೋಗಲು ರೆಪ್ಪೆಯ ಮರೆಯಲ್ಲಿ ಒಂದು ಸಣ್ಣ ದಾರಿ. ಆ ದಾರಿ ಗಾಯದಂತೆ ಕೂಡಿಕೊಂಡುಬಿಡದಿರಲು ಕೆಲವು ವಾರ ಹಾಕಬೇಕಾದದ್ದು ಮತ್ತೆ ಅದೇ ಜಾತಿಯ ಸ್ಟೀರಾಯ್ಡ್ ಹನಿ. ಬಾಟಲಿ ನೋಡಿದ ತಾಯಿ ನನ್ನ ಮುಖವನ್ನೇ ನೋಡಿದರು.

"ಇದು ಇಸ ಅಂದ್ರಿ. ಆಕ್ಬ್ಯಾಡಿ ಅಂತ ಮನೇಗಂಟ ಬಂದ್ರಿ. ಈಗ ನೀವೇ ಬರ್ಕೊಡ್ತಾ ಇದ್ದೀರಿ?"

ವಾರ ವಾರವೂ ಒತ್ತಡ ನೋಡುತ್ತಾ, ಕಮ್ಮಿ ಮಾಡುತ್ತಾ, ನಿಲ್ಲಿಸುತ್ತೇವೆಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆದರೆ ಒಂದು ವಾರವೂ ತಪ್ಪಿಸದೆ ಬಂದರು. ಹನಿ ನಿಲ್ಲಿಸಿದ ದಿನ ಖಾಲಿಯಾಗದ ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟು, "ತಕಳಿ, ಮನೇಲ್ ಇರೋದೇ ಬ್ಯಾಡ" ಎಂದರು.

ಯೋಜನೆ ಆ ವರ್ಷಕ್ಕೆ ಮುಗಿಯಿತು. ವರದಿಯಲ್ಲಿ ಶಾಲೆಗಳ ಸಂಖ್ಯೆ, ಚಿತ್ರಗಳ ಸಂಖ್ಯೆ ಇದ್ದವು. ಮೆಡಿಕಲ್ ಸ್ಟೋರುಗಳ ಬಗ್ಗೆ ನಾನು ಬರೆದುಕೊಟ್ಟಿದ್ದ ಭಾಗ ಉದ್ದವಾಯಿತೆಂದು ಕೈಬಿಟ್ಟಿದ್ದರು. ಟಾರ್ಚು, ಉಪಕರಣ ಹಿಡಿದು ನಾನು ಇನ್ನೂ ಕೆಲವು ತಿಂಗಳು ಓಡಾಡಿದೆ. ಆಮೇಲೆ ವ್ಯಾನನ್ನು ಪೊರೆಯ ಆಪರೇಷನ್ ಶಿಬಿರಗಳಿಗೆ ಕೊಟ್ಟರು.

ಮುಂದಿನ ಬೇಸಿಗೆಯಲ್ಲಿ ಹುಡುಗಿ ಕಣ್ಣಿನ ಪರೀಕ್ಷೆಗೆ ಬಂದಳು. ಎಂಟನೇ ತರಗತಿ ಪಾಸಾಗಿತ್ತು. ನವೆ ಇತ್ತು; ಕಣ್ಣು ಕೆಂಪಗಿದ್ದವು; ಒತ್ತಡ ಎರಡರಲ್ಲೂ ಸರಿಯಿತ್ತು. ಮೇಲೆ ಕಾಣದ ಕಮಾನು ಹಾಗೆಯೇ ಇತ್ತು, ಹಿಗ್ಗಿರಲಿಲ್ಲ. ತಾಯಿಯ ಪಕ್ಕದಲ್ಲಿ ಇನ್ನೊಂದು ಪುಟ್ಟ ಹುಡುಗಿ ನಿಂತು ಮುಂಗೈಯಿಂದ ಕಣ್ಣು ಉಜ್ಜುತ್ತಿದ್ದಳು.

"ಇವ್ಳು ನನ್ ನಾದ್ನಿ ಮಗ್ಳು, ಕಟ್ಟೆಮಳಲವಾಡಿ ಕಡೇಳು. ರಜಕ್ಕೆ ಬಂದವ್ಳೆ" ಎಂದರು ತಾಯಿ. "ಇವ್ಳಿಗೂ ಅದೇ ಡ್ರಾಪ್ಸ್ ಆಕಕ್ಕೆ ಸುರು ಮಾಡವ್ರೆ ಮೇಡಮ್ಮೋರೆ, ಯುಗಾದಿಯಿಂದ. ಬ್ಯಾಡ ಅಂದ್ರೆ ನಾದ್ನಿ ಕೇಳ್ಳಿಲ್ಲ, ನೀನೇನ್ ಡಾಕ್ಟ್ರಾ ಅಂದ್ಲು. ಅದ್ಕೇ ಅವ್ಳ್ಗೇನೂ ಏಳ್ದೆ ಎಳ್ಕಂಡ್ ಬಂದ್ಬುಟ್ಟೆ."

ಪುಟ್ಟಿಯನ್ನು ಕೂರಿಸಿದೆ. ರೆಪ್ಪೆ ಮಗುಚಿದರೆ ಗಂಟುಗಳು ಈಗಷ್ಟೇ ಏಳುತ್ತಿದ್ದವು. ಹನಿ ಹಾಕಿ, ನೀಲಿ ಬೆಳಕಿನಲ್ಲಿ ಚಕ್ರ ತಿರುಗಿಸಿದೆ. ದೊಡ್ಡವಳು ಹಿಂದೆ ನಿಂತು ಅವಳ ತಲೆ ಹಿಡಿದುಕೊಂಡು, "ಮಿಟುಕುಸ್ಬ್ಯಾಡ ಕಣೆ, ನೋವಾಗಕ್ಕಿಲ್ಲ" ಎನ್ನುತ್ತಿದ್ದಳು. ಅರ್ಧವೃತ್ತಗಳು ಹದಿನಾಲ್ಕರಲ್ಲಿ ಮುಟ್ಟಿದವು. ಇನ್ನೊಂದು ಕಣ್ಣಿನಲ್ಲೂ ಅಲ್ಲೇ. ಲೆನ್ಸು ಹಿಡಿದು ನೋಡಿದೆ. ನರದ ಅಂಚು ಸುತ್ತಲೂ ತುಂಬಿಕೊಂಡು ಗುಲಾಬಿಯಾಗಿತ್ತು.

ಹನಿ ಬದಲಿಸಿ ಬರೆದುಕೊಟ್ಟೆ. ಮಹಡಿಯ ಮೇಲಿನ ಯಂತ್ರದ ಹತ್ತಿರ ಅವಳನ್ನು ಕರೆದೊಯ್ಯುವ ಅಗತ್ಯವೇ ಬರಲಿಲ್ಲ.